ಬಲತುದಿಯ ನಾಲ್ಕು ಗೆರೆ

ದುರ್ಗಿಗುಡಿಯ ಅಡ್ಡರಸ್ತೆ, ಮುಬಾರಕನ ಅಂಗಡಿ.
ಬೆಂಕಿಪೊಟ್ಟಣಕ್ಕಿಂತ ಚೂರು ದಪ್ಪ, ಕಬ್ಬಿಣದ ತೂಕ,
ಯಾರೋ ಬಳಸಿ ಬಿಟ್ಟ ಪ್ಲೇಯರು.
"ಮೊಬೈಲಿನ ಹಾಡು ಹಿಂಡಿದ ಬಟ್ಟೆ, ಯಜಮಾನ್ರೇ,
ನೀರೆಲ್ಲ ಹೋಗಿರ್ತದೆ.
ಇದು ಫ್ಲ್ಯಾಕು. ಒಂದು ಹನಿ ಚೆಲ್ಲಿಲ್ಲ."
"ಕಾರ್ಡಿಗೆ ಎಷ್ಟು ಹಿಡಿಸ್ತದೆ?"
"ಕಮ್ಮಿ. ಏನೂ ಬಿಡದವರಿಗೆ ಜಾಗ ಜಾಸ್ತಿ ಬೇಕಲ್ಲ."

ಕ್ಯಾಸೆಟ್ಟು ನನ್ನದೇ. ಸಾಮಿಲ್ಲಿನ ಭಜನಾ ಮಂಡಳಿ,
ಎಂಬತ್ತೊಂಬತ್ತರ ಒಂದು ಶನಿವಾರ.
ಹುಚ್ಚರಾಯಪ್ಪನ ಗಂಟಲು, ಸಲ್ದಾನನ ಹಾರ್ಮೋನಿಯಂ,
ತಾಳ ನಾನು.
ಮೂರು ದಿನ ಇಟ್ಟುಕೊಂಡು ಮುಬಾರಕ
ಟೇಪಿನ ಸುಯ್ಯನ್ನೂ ಬಿಡದೆ ಇಳಿಸಿಕೊಟ್ಟ.

ಸಾಗರ ರಸ್ತೆಯ ಸಿಟಿ ಬಸ್ಸು, ಹಿಂದಿನ ಸೀಟು.
ಬಂದ ಹುಚ್ಚರಾಯಪ್ಪ,
ಉಸಿರೆಳೆಯುವಲ್ಲಿ ಬಾಯೊಳಗಿನ ಎಲೆಯಡಿಕೆ ಸಮೇತ.
ಸಲ್ದಾನನ ಬೆರಳು ಒಂದು ಮನೆ ತಪ್ಪಿ
ಏನೂ ಆಗದವರಂತೆ ಜಾರಿಕೊಂಡದ್ದು, ಅದೂ ಬಂತು.
ತಾಳ?
ಕಂಚಿಗೆ ಕಂಚು ತಾಗುವ ಟಕ್ ಇದೆ.
ಆಮೇಲಿನದಿಲ್ಲ.
ಗಾಳಿಯಲ್ಲಿ ಸಣ್ಣಗಾಗುತ್ತ ಆಗುತ್ತ ಹೋಗುವ ಆ ಬಾಲ.

ಕಳೆದ ತಿಂಗಳು ಆಸ್ಪತ್ರೆಯಲ್ಲಿ
ಗಾಜಿನ ಗೂಡೊಳಗೆ ಕೂರಿಸಿ ಆ ಹುಡುಗಿ ಹೇಳಿದ್ದಳು:
"ಶಬ್ದ ಕೇಳಿದಾಗೆಲ್ಲ ಬೆರಳೆತ್ತಿ, ಅಜ್ಜ."
ಮೊದಮೊದಲು ಎತ್ತಿದೆ. ಆಮೇಲೆ ಕೈ ತೊಡೆಯ ಮೇಲೇ ಇತ್ತು,
ಅವಳು ಗುಂಡಿ ಒತ್ತುತ್ತಲೇ ಇದ್ದಳು.
ಕಾಗದದ ಮೇಲಿನ ಗೆರೆ ಆಗುಂಬೆ ಘಾಟಿ,
ಅರ್ಧ ದೂರ ಸಮ, ಆಮೇಲೆ ಸರ್ರನೆ ಕೆಳಗೆ.
ಮೂವತ್ತೊಂದು ವರ್ಷ ಗರಗಸದ ಮಗ್ಗುಲಲ್ಲಿ ನಿಂತವನು.
ಅಂಗಿಯ ಹೊಟ್ಟು ದಿನಾ ಕೊಡವಿಕೊಂಡೆ,
ಕಿವಿಯಿಂದ ಉದುರಿದ್ದನ್ನು ಯಾರು ಗುಡಿಸಿದರೋ.
ಹಿಂಡಿದ ಬಟ್ಟೆ ನಾನೇ ಕಣೋ, ಮುಬಾರಕ.

ಯಾವುದೋ ಗುಂಡಿ ಅದುಮಿದೆ.
ಪರದೆಯಲ್ಲಿ ಹಸಿರು ಗೆರೆಗಳೆದ್ದವು.
ಎಡಗಡೆಯವು ಹುಚ್ಚರಾಯಪ್ಪನ ಜೊತೆ
ಏಳುತ್ತ ಕೂರುತ್ತ.
ಬಲತುದಿಯ ನಾಲ್ಕರದು ಮಾತ್ರ ಬೇರೆ ಲೆಕ್ಕ:
ಟಕ್ ಎಂದಾಗೆಲ್ಲ ಚಂಗನೆ ಹಾರಿ
ಇಳಿಯಲೊಲ್ಲದೆ, ಇಳಿದು, ಇನ್ನಷ್ಟು ಇಳಿದು,
ಪೂರ್ತಿ ಮಲಗುವ ಮೊದಲೇ ಮತ್ತೆ ಹಾರಿ...
ನನ್ನ ಕೈ ಅದು. ಇಪ್ಪತ್ತೆಂಟರ ಕೈ.

ಆಲ್ಕೊಳ ದಾಟಿರಬೇಕು.
ಎದುರಿಗೆ ಬಂದು ನಿಂತ ಕಂಡಕ್ಟರನ ಬಾಯಿ ಆಡುತ್ತಿತ್ತು.
ಗೆರೆ ಹಾರಿದಾಗೊಮ್ಮೆ
ನಾನು ಬೆರಳೆತ್ತುತ್ತಿದ್ದೆ.
ಅವನು ಒಂದು ಟಿಕೆಟು ಹರಿದುಕೊಟ್ಟ.