ಮೀಟರ್ ರೀಡರ್

ಓದುವುದೇ ನನ್ನ ಸಂಬಳದ ಕೆಲಸ.
ಮಹಾನಗರಪಾಲಿಕೆ, ನೀರಿನ ಖಾತೆ, ಬೋರಿವಲಿ ಪೂರ್ವ.
ಕಬ್ಬಿಣದ ಮುಚ್ಚಳ ಎತ್ತಿ, ಜಿರಲೆಗಳು ದಾರಿ ಬಿಟ್ಟ ಮೇಲೆ
ಕೆಸರು ಮೆತ್ತಿದ ಗಾಜನ್ನು ಹೆಬ್ಬೆರಳಲ್ಲಿ ಒರೆಸಿ
ಅಂಕಿ ಓದುತ್ತೇನೆ, ಬರೆಯುತ್ತೇನೆ, ಮುಚ್ಚುತ್ತೇನೆ.
ಯಾವ ಅಂಕಿಯೂ ಈವರೆಗೆ
ಯಾವ ಧರ್ಮದ ಬುಡವನ್ನೂ ಅಲ್ಲಾಡಿಸಿಲ್ಲ.

ಅದಕ್ಕೇ ಇರಬೇಕು, ಸಂಜೆಯ ಲೋಕಲಿನಲ್ಲಿ
ನನಗೆ ಬೇರೆ ಮುಚ್ಚಳಗಳು ಬೇಕು.

ಗಾಲಾಭಾಯಿಯ ರದ್ದಿ ಅಂಗಡಿ. ಮರಾಠಿಯಾಗಲಿ
ಇಂಗ್ಲಿಷಾಗಲಿ, ಕಿಲೋಗೆ ಅರವತ್ತು.
ಅಡಗಿಸಿಟ್ಟ ಸುವಾರ್ತೆಯನ್ನೂ ಅವನು ಈರುಳ್ಳಿಯಂತೆ ತೂಗಿ
ಮೇಲೊಂದು ತೆಳ್ಳನೆಯದನ್ನಿಟ್ಟು ಮುಳ್ಳು ಸರಿಮಾಡುತ್ತಾನೆ.
ರಕ್ಷಾಪುಟದಲ್ಲಿ ಯಾವಾಗಲೂ ಒಂದು ಶಿಲುಬೆ, ಇಲ್ಲವೇ ಚಕ್ರ,
ಒಂದು ಬಿರುಕು, ಬಿರುಕಿನಿಂದ ಚಿಮ್ಮುವ ಚಿನ್ನದ ಬೆಳಕು,
ಓಡುತ್ತಿರುವ ಒಬ್ಬ ಗಂಡಸು, ಬೆನ್ನು ನಮಗೆ.

ಇಪ್ಪತ್ತೆರಡು ವರ್ಷವಾಯಿತು, ಅವನ ಮುಖ ನೋಡಿಲ್ಲ.
ಮಿಕ್ಕಿದ್ದೆಲ್ಲ ಗೊತ್ತು:
ಸತ್ತ ಭಾಷೆ ಏಳು ಬರುತ್ತವೆ, ಈಜು ಬರುತ್ತದೆ,
ಹೆಂಡತಿ ಇರುವುದಿಲ್ಲ, ಇದ್ದರೂ
ಎರಡನೇ ಅಧ್ಯಾಯ ದಾಟುವುದಿಲ್ಲ.
ಹಸಿವಾಗುವುದಿಲ್ಲ. ಒಮ್ಮೆಯೂ ಮೂತ್ರಕ್ಕೆ ಜಾಗ ಹುಡುಕುವುದಿಲ್ಲ.
ಮಠದ ನೆಲಮಾಳಿಗೆಗೆ ಇಳಿದರೆ
ಸಾವಿರ ವರ್ಷ ಹಳೆಯ ಪಂಜು ಒಂದೇ ಕಡ್ಡಿಗೆ ಹತ್ತಿಕೊಳ್ಳುತ್ತದೆ.

ನಾನು ಎಲ್ಲ ನಂಬುತ್ತೇನೆ.
ಆರು ನಲವತ್ತೆರಡರ ವಿರಾರ್ ಗಾಡಿ,
ಒಂದು ಕೈ ಹಿಡಿಕೆಗೆ, ಇನ್ನೊಂದರಲ್ಲಿ ಪುಸ್ತಕ,
ಮುಂದಿನವನ ಎಣ್ಣೆತಲೆಯೇ ವ್ಯಾಸಪೀಠ.
ಭಾಯಂದರ್ ಖಾರಿ ದಾಟುವಾಗ ಪುಟ ಮುಗಿಯುತ್ತದೆ. ಕೈಯಿಲ್ಲ.
ಗಲ್ಲದಿಂದ ತಿರುವುತ್ತೇನೆ.
ಕಾರ್ಡಿನಲ್‌ಗೆ ವಿಷ ಹಾಕಿದ್ದು ಯಾರೆಂದು
ಆ ತಲೆಗೂ ಕುತೂಹಲ. ತಿರುಗಲು ಜಾಗವಿಲ್ಲದೆ
ಕಿಟಕಿಯನ್ನೇ ಕೇಳುತ್ತದೆ, ‘ಪುಢೇ ಕಾಯ್ ಝಾಲಂ?’

ಈ ಸಲದ್ದರಲ್ಲಿ ಕೊನೆಯ ಹದಿನಾರು ಪುಟ ಇರಲಿಲ್ಲ.
ಅವನು ಕಲ್ಲಿನ ಪೆಟ್ಟಿಗೆಯ ಮುಂದೆ ಮಂಡಿಯೂರಿದ್ದಾನೆ,
ಮುಚ್ಚಳ ಸರಿದಿದೆ, ಒಳಗೆ ತಾಮ್ರದ ತಗಡು, ಒಂದೇ ಸಾಲು,
ಓದಿದವಳ ಮುಖ ಬಿಳಿಚಿದೆ, ಅವಳು ಬಾಯಿ ತೆರೆದು
‘ಹಾಗಾದರೆ ನಾವು ಇಷ್ಟು ಶತಮಾನ...’
ಆಮೇಲೆ ಒಣಗಿದ ಅಂಟು,
ಒಂದು ಬೆಳ್ಳಿಹುಳ.

ಭೇಲ್‌ನವನು ಹರಿದುಕೊಂಡಿರಬೇಕು, ಎಂದ ಗಾಲಾಭಾಯಿ,
ತೂಕದಲ್ಲಿ ಕಳೆಯಲಾ?

ಲೋಕದ ಗುಟ್ಟನ್ನು ಯಾರೋ ಚೌಪಾಟಿಯಲ್ಲಿ
ಹುಣಸೆ ಚಟ್ನಿಯ ಸಮೇತ ಮುಗಿಸಿ ಕೈ ಒರೆಸಿಕೊಂಡಿದ್ದಾರೆ.

ತಡೆಯಲಾಗದೆ ಭಾನುವಾರ ಕಾನ್ಹೇರಿಗೆ ಹೋದೆ.
ನಮ್ಮ ವಾರ್ಡಿನ ಬೆನ್ನಿಗೇ ಗುಡ್ಡ.
ಇಷ್ಟು ದಿನ ಹೋಗಿರಲಿಲ್ಲ, ಅಲ್ಲಿ ಮೀಟರ್ ಇಲ್ಲ.
ಗುಹೆಯ ಬಾಗಿಲಲ್ಲಿ ಕಾಲೇಜಿನ ಮೇಡಂ ಒಬ್ಬರು,
ಸುತ್ತ ಚಿಪ್ಸ್ ತಿನ್ನುವ ಹುಡುಗಿಯರು.
ಗೋಡೆಯ ಗೀರುಗಳ ಮೇಲೆ ಬೆರಳಾಡಿಸಿ
ಅಕ್ಷರಕ್ಕೆ ಅಕ್ಷರ ಕೂಡಿಸಿ ಬ್ರಾಹ್ಮಿ ಓದುತ್ತಿದ್ದರು ಮೇಡಂ,
ಒಂದನೇ ಇಯತ್ತೆಯ ಮಗುವಿನ ಹಾಗೆ ತುಟಿ ಅಲ್ಲಾಡಿಸುತ್ತ.
ಎದೆ ಹೊಡೆದುಕೊಂಡಿತು. ಹಿಂತಿರುಗಿ ನೋಡಿದೆ,
ಕಪ್ಪು ನಿಲುವಂಗಿಯವರು ಯಾರೂ ಬಂದಿರಲಿಲ್ಲ;
ಒಂದು ಕೋತಿ ಇತ್ತು, ಅದರ ಕಣ್ಣು ಚಿಪ್ಸಿನ ಮೇಲೆ.

‘ಕಲ್ಯಾಣದ ಒಬ್ಬ ಅಕ್ಕಸಾಲಿ,’ ಎಂದರು ಮೇಡಂ,
‘ನೀರಿನ ತೊಟ್ಟಿ. ದಾನ.’
ಆಮೇಲೆ? ಕೇಳಿಯೇಬಿಟ್ಟೆ.
‘ಆಮೇಲೇನಿಲ್ಲ. ಅಷ್ಟೇ.’

ಪಕ್ಕದಲ್ಲೇ ತೊಟ್ಟಿ, ಬಂಡೆಯಲ್ಲಿ ಕೊರೆದ ಚೌಕ ಬಾಯಿ.
ಮಂಡಿಯೂರಿದೆ, ಕೆಲಸದ ಚಾಳಿ.
ಒಳಗೆ ನೀರಿತ್ತು.
ಇನ್ನೂ ಇತ್ತು.
ಒಂದು ಎಲೆ, ಅರ್ಧ ಮೋಡ, ಒಬ್ಬ ಗಂಡಸು,
ಮುಖ ನನ್ನ ಕಡೆಗೆ.
ಎಷ್ಟು ಹೊತ್ತು ಕೂತಿದ್ದೆನೋ.
ಬರೆದುಕೊಳ್ಳಲು ಅಂಕಿ ಇರಲಿಲ್ಲ.

ಸೋಮವಾರ ಅದೇ ಗಾಡಿ, ಅದೇ ಎಣ್ಣೆತಲೆ.
ಪೆಟ್ಟಿಗೆಯೊಳಗೆ ಏನಿತ್ತು ಕೊನೆಗೆ? ಎಂದಿತು.
ನೀರು, ಎಂದೆ.
ಅಷ್ಟು ನೂಕುನುಗ್ಗಲಿನಲ್ಲೂ
ಮೊದಲ ಸಲ ಪೂರ್ತಿ ತಿರುಗಿದ ಆತ:
ನಾಲಾಸೋಪಾರಾದಲ್ಲಾ? ಎಷ್ಟು ಗಂಟೆಗೆ?