ಎರಡರಿಂದ ಎಂಟು ಡಿಗ್ರಿ

ಲಾಡ್ಜಿನ ದಪ್ಪ ರಿಜಿಸ್ಟರಿನಲ್ಲಿ
ಹೆಸರು: ಪ್ರಫುಲ್ಲಾ ಡಿ.
ವಯಸ್ಸು: ನಲವತ್ಮೂರು.
ತಂದೆ ಅಥವಾ ಗಂಡನ ಹೆಸರು: ಅಪ್ಪನದನ್ನೇ ಬರೆದೆ,
ಸತ್ತವರಿಗೆ ಯಾರೂ ಫೋನು ಮಾಡಿ ವಿಚಾರಿಸುವುದಿಲ್ಲ.
ಜೊತೆಗಿರುವವರು: ಒಂದು ಗೆರೆ.
ಬಂದ ಉದ್ದೇಶ:
ಪೆನ್ನು ಅಲ್ಲಿ ತುಸು ನಿಂತಿತು.
ಸಕ್ಕರೆ, ಥೈರಾಯ್ಡ್, ಡೆಂಗಿ ಎಂದು ಬರೆದರೆ
ಕೌಂಟರಿನ ಹುಡುಗ ಹೆದರಿಯಾನು.
'ವ್ಯಾಪಾರ' ಎಂದು ಬರೆದೆ. ಅದಕ್ಕೂ ಅವನು
ತಲೆಯೆತ್ತಿ ಒಮ್ಮೆ ನೋಡಿದ.

ಕೈಯಲ್ಲಿರುವುದು ಥರ್ಮೋಕೋಲ್ ಡಬ್ಬಿ.
ಒಳಗೆ ಲ್ಯಾಬಿನವರು ರಕ್ತಕ್ಕೆ ಬೆರೆಸುವ ಔಷಧಿ,
ಎರಡರಿಂದ ಎಂಟು ಡಿಗ್ರಿಯಲ್ಲಿ ಮಲಗಿರಬೇಕು.
ಕಾವೇರಿದರೆ ಸುಳ್ಳು ಹೇಳುತ್ತದೆ,
ಯಾರದೋ ಮೈಯಲ್ಲಿ ಇಲ್ಲದ ರೋಗ ತೋರಿಸುತ್ತದೆ.
ಮಾರ್ಚಿಯ ಶಿವಮೊಗ್ಗ;
ಸಂಜೆ ಏಳಾದರೂ ನೆಹರೂ ರೋಡು ಕಾದ ಕಾವಲಿ.
ರೂಮಿನಲ್ಲಿ ಫ್ರಿಜ್ಜಿಲ್ಲ.
'ಕೆಳಗೆ ಹೋಟ್ಲಿನೋರ್ನ ಕೇಳಿ ನೋಡಿ.'

ಮೀನೂಟದ ಹೋಟೆಲು. ಮಾಲೀಕರು
ಕರಗಿದ ಐಸ್ ಪ್ಯಾಕು ನೋಡಿ, ನನ್ನ ನೋಡಿ,
ಬಂಗುಡೆಯ ಪಕ್ಕ ಜಾಗ ಕೊಟ್ಟರು.
'ಊಟ ಇಲ್ಲೇ ಅಲ್ದಾ?' ಅಂದದ್ದು ಅದರ ಬಾಡಿಗೆ.

ಕುಂದಾಪುರದ ಹುಡುಗ ಓಡಿ ಬಂದ:
'ಮೇಡಂ ಒಬ್ರೇಯಾ? ಫ್ಯಾಮಿಲಿ ರೂಮಿಗೆ ಬನ್ನಿ.'
ನೀಲಿ ಪರದೆ ಸರಿಸಿದ, ಫ್ಯಾನು ಹಾಕಿದ,
ನಾಲ್ಕು ಕುರ್ಚಿಗೆ ನಾಲ್ಕು ಲೋಟ ನೀರಿಟ್ಟ.
ಒಬ್ಬಳೇ ಕೂತು ನಾನು ಫ್ಯಾಮಿಲಿಯಾದೆ.
ಎದುರು ಕುರ್ಚಿಯಲ್ಲಿ ಡಬ್ಬಿ,
ಯಜಮಾನರ ಹಾಗೆ
ಬಾಯಿ ಬಿಗಿದುಕೊಂಡು ಕೂತಿತು.

ಹದಿನಾರು ವರ್ಷದ ಹಿಂದೆ, ಸಾಗರದಲ್ಲಿ, ಮೊದಲ ಸಲ
ಬಾಗಿಲಿಗೆ ಕುರ್ಚಿ ಆನಿಸಿ
ಚಿಲಕದ ಮೇಲೆ ಸ್ಟೀಲ್ ಲೋಟ ನಿಲ್ಲಿಸಿ
ಬಿಸ್ಕತ್ತು ತಿಂದು ಮಲಗಿದ್ದೆ.
ಊಟಕ್ಕೆ ಹೊರಟರೆ ಇಡೀ ಪೇಟೆ ತಿರುಗಿ ನೋಡೀತೆಂದು.
ಈಗಲೂ ಲೋಟ ಇಡುತ್ತೇನೆ.
ಬಿಸ್ಕತ್ತು ಬಿಟ್ಟಿದ್ದೇನೆ.

ಬಂಗುಡೆಗೆ ಎರಡೂ ಕಣ್ಣು ಬೇಕು, ನಾಲಿಗೆ ಬೇಕು,
ಮಾತು ಬೇಡ.
ಮುಳ್ಳು ಮಾತಾಡುವವರನ್ನೇ ಕಾಯುತ್ತಿರುತ್ತದೆ.
ಮನೆಯಲ್ಲಿ ನಡುವಿನ ತುಂಡು
ನನ್ನ ಪಾಲಿಗೆ ಬಂದ ನೆನಪಿಲ್ಲ;
ಇಲ್ಲಿ ತಲೆಯಿಂದ ಬಾಲದವರೆಗೆ ನನ್ನದೇ.
ಬೆರಳು ಚೀಪಿದೆ. ಸದ್ದು ಮಾಡಿಯೇ ಚೀಪಿದೆ.
ಪರದೆ ಅಲುಗಿತು.
'ಯಾರಾದ್ರೂ ಬಪ್ಪುಕಿತ್ತಾ ಮೇಡಂ?'
'ಇಲ್ಲ. ಇನ್ನೊಂದು ಬಂಗುಡೆ ಬರಲಿ.
ಪರದೆ ತೆಗೆದೇ ಇರಲಿ.'

ಹನ್ನೊಂದಕ್ಕೆ ಕರೆಂಟು ಹೋಯಿತು.
ಟಾರ್ಚು ಹಿಡಿದು ಹಿಂಬಾಗಿಲಿಗೆ ಬಂದರೆ
ಕವುಚಿಟ್ಟ ಕ್ರೇಟಿನ ಮೇಲೆ, ಕತ್ತಲಲ್ಲಿ,
ಪಾತ್ರೆ ತೊಳೆಯುವ ಚೌಡಕ್ಕ ಉಣ್ಣುತ್ತಿದ್ದಳು.
'ಬಾಗ್ಲು ತೆಗೀಬ್ಯಾಡಿ, ತಂಪು ಹೋತದೆ.
ಗೋಣಿ ಹೊದಿಸೀನಿ' ಅಂದಳು.
'ನಿಮ್ದು ಊಟ ಆತಾ?'
'ಆಯ್ತು. ಮೀನು ಚೆನ್ನಾಗಿತ್ತು.'
'ಹೌದಾ?' ಅಂದಳು,
ದೂರದ ಊರಿನ ಸುದ್ದಿ ಕೇಳಿದ ಹಾಗೆ.
ಟಾರ್ಚನ್ನು ಗೋಡೆಗೆ ತಿರುಗಿಸಿ ಹಿಡಿದೆ,
ತಟ್ಟೆಗಷ್ಟು ಬೆಳಕು ಬೀಳಲೆಂದು.
ಉಂಡು ಏಳುವ ತನಕ ನಿಂತಿದ್ದೆ.
ಅವಳ ತಟ್ಟೆಯಲ್ಲಿ
ಒಂದೂ ಮುಳ್ಳಿರಲಿಲ್ಲ.

ಬೆಳಗಿನ ಆರರ ಬಸ್ಸು, ತೀರ್ಥಹಳ್ಳಿ.
'ಡಬ್ಬಿ ಸೀಟಲ್ಲಿ ಕೂತ್ರೆ ಅದಕ್ಕೂ ಟಿಕೇಟು'
ಅಂದ ಕಂಡಕ್ಟರು. ತೊಡೆಗೆ ಎತ್ತಿಕೊಂಡೆ.
ಮಂಡಗದ್ದೆಯಲ್ಲಿ ಮುಳ್ಳು ನೋಡಿದೆ: ಐದು ಡಿಗ್ರಿ.

ಲ್ಯಾಬಿನ ಹುಡುಗಿ ಮುಚ್ಚಳ ತೆಗೆದು
ಮೂಗು ಮುರಿದಳು,
'ಏನ್ ಮೇಡಂ ಇದು, ಬಂಗುಡೆ ವಾಸ್ನೆ!'

ಹೌದು ಅಂದೆ.
ಎರಡು ತಿಂದೆ.