ಹತ್ತನೆಯ ದಿನ ಇನ್ನೊಮ್ಮೆ

ಶಿರಾಕ್ ಬಯಲಿಗೆ ಹಿಮ ಬಿದ್ದು ಎರಡು ತಿಂಗಳು.
ಕೋಳಿಗಳೆಲ್ಲ ಹಸುವಿನ ಕೊಟ್ಟಿಗೆಯ ಮೂಲೆಯಲ್ಲಿ,
ಹೊರಳಾಡಲು ಒಂದು ಹಿಡಿ ಒಣಮಣ್ಣೂ ಇಲ್ಲದೆ.
ಒಂಬತ್ತಿದ್ದ ಮೊಟ್ಟೆ ಮೂರಕ್ಕಿಳಿದ ದಿನ
ಅತ್ತೆ ವಾರ್ದುಹಿ ಅಂದಳು:
"ದೀಪ ತಗೊಂಡು ಬಾ ನಾಜೆಲಿ. ನನಗಲ್ಲ, ನಿನಗೆ."

ಅವಳ ಕಣ್ಣಿಗೆ ಈಗ ಬೆಳಕೂ ಹಾಲೂ ಒಂದೇ.

ಗಳುವಿನ ಮೇಲೆ ತೂಕಡಿಸುವ ಹೊತ್ತು,
ಹಿಡಿದರೆ ಕೊಸರಾಡುವುದಿಲ್ಲ.
ಒಂದೊಂದನ್ನೇ ಕಂಕುಳಿಗೆ ಸಿಕ್ಕಿಸಿ
ಬಾಲದ ಬುಡದ ಪುಕ್ಕ ಬಿಡಿಸಿದೆ.
ಹುಲ್ಲಿನ ಬಣ್ಣದವು, ಎಳ್ಳಿಗಿಂತ ಸಣ್ಣವು,
ಬೆಳಕು ತಾಗಿದ್ದೇ ತಡ
ದಿಕ್ಕಾಪಾಲು.
ನನ್ನ ನೆತ್ತಿ ಆಗಲೇ ತುರಿಸತೊಡಗಿತು.
"ಮನುಷ್ಯರ ಮೇಲೆ ಅವು ಬಾಳುವುದಿಲ್ಲ,
ಕೋಳಿ ಬಿಟ್ಟರೆ ನಾಲ್ಕೈದು ದಿನಕ್ಕೆ ಸಾಯುತ್ತವೆ" ಅಂದಳು.
ನೆತ್ತಿ ಕೇಳಬೇಕಲ್ಲ.

ಅವಳು ಬೆರಳಲ್ಲೇ ನೋಡುತ್ತಿದ್ದಳು.
"ಗರಿಯ ಬುಡಕ್ಕೆ ಉಪ್ಪು ಹೆಪ್ಪುಗಟ್ಟಿದ ಹಾಗಿದೆಯಲ್ಲ, ಅದು ಸೀರು.
ಬೂದಿಗೆ ಸಾಯುವುದು ಓಡಾಡುವ ಹೇನು.
ಅಂಟಿ ಕೂತದ್ದು ಕಾಯುತ್ತದೆ.
ಯಾವುದಕ್ಕೆ ಹೆಚ್ಚು?"

ಚುಕ್ಕಿಗೆ.
ಚುಕ್ಕಿ ನನ್ನದು. ದ್ರಾಕ್ಷಿ ಕೊಯ್ಲಿನ ಕಾಲಕ್ಕೆ
ಮದುವೆಯಾಗಿ ಬಯಲು ಹತ್ತಿ ಬಂದಾಗ
ಅಮ್ಮ ಬುಟ್ಟಿಯಲ್ಲಿ ಕೂರಿಸಿ ಕೊಟ್ಟದ್ದು.
ಅಂದೇ ಸಂಜೆ ಉಳಿದವುಗಳ ನಡುವೆ ಬಿಟ್ಟಿದ್ದೆ,
ಪಾಪ, ಒಂಟಿಯಾದೀತು ಅಂತ.

"ಬೂದುಬಣ್ಣದ್ದಕ್ಕೆ" ಅಂದೆ.

ಅವಳು ಕೈ ಚಾಚಿ
ನನ್ನ ಮಡಿಲ ಕೋಳಿಯ ಮುಖ ಸವರಿದಳು.
ಕೊಕ್ಕಿನ ಹತ್ತಿರ ಬೆರಳು ನಿಂತಿತು.
"ಇದರ ಮೇಲ್ಗೊಕ್ಕು ತುದಿಯಲ್ಲಿ ಮುರಿದಿದೆ.
ಕೋಳಿಗೆ ಕೊಕ್ಕೇ ಸೀರಣಿಗೆ.
ತನ್ನ ಮೈ ತಾನು ಬಾಚಿಕೊಳ್ಳಲಾರದು."
ಇಷ್ಟೇ. ಬೂದುಬಣ್ಣದ ಮಾತೇ ಎತ್ತಲಿಲ್ಲ.

ತೋನಿರಿನಲ್ಲಿ ತಣಿದ ಬೆರಣಿ ಬೂದಿ,
ಮೂಗಿಗೆ ಬಟ್ಟೆ ಕಟ್ಟಿ ನಾನು ಜರಡಿ ಹಿಡಿದೆ.
ಸೇರೋಬ್‌ನ ಹಳೆಯ ಲಾರಿ ಟೈರಿನೊಳಗೆ
ಬೂದಿ, ಒಲೆಯ ಪಕ್ಕ ಒಣಗಿಸಿದ ಮರಳು, ಇನ್ನಷ್ಟು ಬೂದಿ.
ಮೊದಲ ಸಲ ಮಾತ್ರ ಕೈಯಲ್ಲೇ ಹಚ್ಚಬೇಕು,
ರೆಕ್ಕೆಯಡಿ, ಬಾಲದಡಿ, ಕಣ್ಣಿಗೆ ಹಾರದ ಹಾಗೆ.
ಸೀರು ಗಂಟುಗಟ್ಟಿದ ಗರಿಗಳನ್ನು ಅವಳು ಕಿತ್ತಳು,
ನಾನು ಒಲೆಗೆ ಹಾಕಿದೆ.
ಸುಟ್ಟ ಪುಕ್ಕದ ವಾಸನೆ ರಾತ್ರಿಯಿಡೀ ರೊಟ್ಟಿಯಲ್ಲಿ.
ಹಳೇ ಹುಲ್ಲು ಹೊರಗೆ, ಹೊಸ ಹುಲ್ಲು ಒಳಗೆ.
ಹುಂಜ ಮಾತ್ರ ಬೂದಿ ಬಳಿದ ಅವಮಾನಕ್ಕೆ
ಬೆಳಗಿನ ಜಾವ ಕೂಗಲೇ ಇಲ್ಲ.

ಕೈ ತೊಳೆಯುವಾಗ ಅಂದಳು:
"ಹೊಸ ಕೋಳಿಯನ್ನು ಎರಡು ವಾರ ಬೇರೆ ಇಡಬೇಕು.
ನನ್ನನ್ನೂ ಇಟ್ಟಿದ್ದರು, ಒಂದು ವರ್ಷ.
ಮಾವನೆದುರು ಮಾತಿಲ್ಲ, ತಲೆವಸ್ತ್ರದ ತುದಿ ಬಾಯಿಗೆ.
ನೀರು ಬೇಕೆಂದರೂ ಕೈಸನ್ನೆ.
ಏನು ಸೋಂಕು ತಂದಿದ್ದೆನೋ, ದೇವರೇ ಬಲ್ಲ."
ನಕ್ಕಳು. ನಾನು ನಗಬೇಕೋ ಬೇಡವೋ ತಿಳಿಯದೆ
ಟವೆಲ್ಲು ಕೊಟ್ಟೆ.

ದಿನ ಎಣಿಸಿದ್ದು ಅವಳೇ,
ಗೋಡೆಯ ಮೊಳೆಗೆ ನೂಲು ಸುತ್ತಿ.
ಹತ್ತನೆಯ ದಿನ, ಕಾದಿದ್ದ ಸೀರು ಒಡೆದು
ಮರಿಹೇನು ನಡೆಯಲು ಕಲಿತ ಹೊತ್ತಿಗೆ,
ಅವು ಮೊಟ್ಟೆಯಿಡುವ ಮುಂಚೆ,
ಮತ್ತೆ ದೀಪ, ಮತ್ತೆ ಬೂದಿ.
ಈ ಸಲ ಪುಕ್ಕ ಬಿಡಿಸಿದರೆ ಎರಡೋ ಮೂರೋ.

"ಅವತ್ತು ನಾನು ಸುಳ್ಳು ಹೇಳಿದೆ" ಅಂದೆ.
"ಅದಕ್ಕೇ ಎರಡನೆಯ ಸಲ ಅಂತ ಇರುವುದು"
ಅಂದಳು. ನನಗೋ, ಕಂಕುಳಲ್ಲಿದ್ದ ಕೋಳಿಗೋ.

ಬೆಳಿಗ್ಗೆ ಹಾಲಿಗೆ ಬಂದ ಸೇರೋಬ್
ಬಾಗಿಲಲ್ಲೇ ಕೂಗಿದ: ಚುಕ್ಕಿ ಸತ್ತಿದೆ!
ಓಡಿ ಹೋಗಿ ನೋಡಿದರೆ ಟೈರಿನೊಳಗೆ
ಒಂದು ರೆಕ್ಕೆ ಚಾಚಿ, ಕಾಲು ನೀಡಿ,
ಕಣ್ಣು ಅರೆ ಮುಚ್ಚಿ ಬಿದ್ದಿದ್ದಳು ಮಹಾರಾಯ್ತಿ,
ಬೂದಿಯ ಸುಖಕ್ಕೆ.
ಮೊದಲ ಸಲ ನೋಡಿದವರು ಹೆದರುತ್ತಾರೆ.